'ಯಾಕೆ' ಅಂತ ಬರೆದಿಡದ ಸಾಲು

"ಹಳೇ ಪ್ರಾಜೆಕ್ಟಿನ ರಿಕ್ವೈರ್‌ಮೆಂಟ್ ಡಾಕ್ಯುಮೆಂಟನ್ನೇ ಕಾಪಿ ಮಾಡ್ಕೊಳ್ಳಿ, ಚೆನ್ನಾಗಿ ಓಡ್ತಾ ಇದೆಯಲ್ಲ!" ಈ ಮಾತನ್ನು ಎಷ್ಟೋ ಮೀಟಿಂಗುಗಳಲ್ಲಿ ಕೇಳಿದ್ದೇನೆ. ತಲೆಯಾಡಿಸಿದ್ದೂ ಇದೆ. ಈಗ ಅದು ಕಿವಿಗೆ ಬಿದ್ದಾಗೆಲ್ಲ ನೆನಪಾಗುವುದು 1996ರ ಜೂನ್ 4.

ಅವತ್ತು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರು ಕೇಂದ್ರದಿಂದ ಯುರೋಪಿನ ಹೊಸ ರಾಕೆಟ್ ಏರಿಯಾನ್ 5 ಮೊದಲ ಸಲ ಹಾರಿತು. ಒಳಗೆ ಕ್ಲಸ್ಟರ್ ಎಂಬ ನಾಲ್ಕು ವಿಜ್ಞಾನ ಉಪಗ್ರಹಗಳು. ಸುಮಾರು ನಲವತ್ತು ಸೆಕೆಂಡಿಗೆ, 3,700 ಮೀಟರ್ ಎತ್ತರದಲ್ಲಿ, ರಾಕೆಟ್ ದಾರಿ ತಪ್ಪಿ ಮುರಿದು ಸ್ಫೋಟಿಸಿತು.

ಕೆಟ್ಟಿದ್ದು ಇಂಜಿನ್ ಅಲ್ಲ. ರಾಕೆಟ್ ಎತ್ತ ವಾಲಿದೆ, ಎಷ್ಟು ವೇಗದಲ್ಲಿದೆ ಅಂತ ಹೇಳುವ ಘಟಕದ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ತಂದಿದ್ದರು. ಅದರ ಒಂದು ಭಾಗದ ಕೆಲಸ, ಹಾರುವ ಮುಂಚೆ ಅಲೈನ್‌ಮೆಂಟ್ ಸರಿಪಡಿಸುವುದು. ಹಾರಿದ ಮೇಲೆ ಅದಕ್ಕೆ ಕೆಲಸವಿಲ್ಲ. ಆದರೂ ಸುಮಾರು 40 ಸೆಕೆಂಡು ಓಡುತ್ತಲೇ ಇರುತ್ತಿತ್ತು. ಯಾಕೆ? ಹಳೆಯ ಏರಿಯಾನ್‌ಗಳಲ್ಲಿ ಕೌಂಟ್‌ಡೌನ್ ಕೊನೇ ಕ್ಷಣದಲ್ಲಿ ನಿಂತರೆ ಬೇಗ ಮತ್ತೆ ಶುರು ಮಾಡಲು ಅದು ಬೇಕಿತ್ತು. 1989ರಲ್ಲಿ ಒಮ್ಮೆ ಉಪಯೋಗಕ್ಕೂ ಬಂದಿತ್ತು. ಏರಿಯಾನ್ 5ರ ಸಿದ್ಧತೆಯ ಕ್ರಮವೇ ಬೇರೆ. ಅಗತ್ಯ ಹೋಗಿತ್ತು, ಕೋಡ್ ಉಳಿದಿತ್ತು.

ಹೊಸ ರಾಕೆಟ್ಟಿನ ಅಡ್ಡ ದಿಕ್ಕಿನ ವೇಗ ಹಳೆಯದಕ್ಕಿಂತ ಐದು ಪಟ್ಟು ಬೇಗ ಏರುತ್ತಿತ್ತು. ಆ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ಸಂಖ್ಯೆಯೊಂದು 16 ಬಿಟ್‌ನಲ್ಲಿ ಹಿಡಿಸಲಿಲ್ಲ. ಮೊದಲು ಬ್ಯಾಕಪ್ ಘಟಕ ನಿಂತಿತು, ಕ್ಷಣದಲ್ಲೇ ಮುಖ್ಯ ಘಟಕವೂ ನಿಂತಿತು. ಎರಡರಲ್ಲೂ ಇದ್ದದ್ದು ಒಂದೇ ಸಾಫ್ಟ್‌ವೇರ್! ದೋಷ ಕಂಡರೆ ಪ್ರೊಸೆಸರ್ ನಿಲ್ಲಿಸಬೇಕು ಅಂತ ಸ್ಪೆಸಿಫಿಕೇಶನ್‌ನಲ್ಲೇ ಇತ್ತು. ಅದು ಹೇಳಿದ ಹಾಗೆ ಕೇಳಿತು, ಅಷ್ಟೆ.

ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿ ಜುಲೈನಲ್ಲಿ ವರದಿ ಕೊಟ್ಟಿತು. ಅದರ ಒಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಆ ಘಟಕದ ರಿಕ್ವೈರ್‌ಮೆಂಟುಗಳಲ್ಲಿ ಏರಿಯಾನ್ 5ರ ಹಾರಾಟದ ದಾರಿಯ ಮಾಹಿತಿಯೇ ಇರಲಿಲ್ಲ. ಮರೆತದ್ದಲ್ಲ, ಸೇರಿಸುವುದು ಬೇಡ ಅಂತ ಸಂಬಂಧಪಟ್ಟವರು ಒಪ್ಪಿಕೊಂಡಿದ್ದರು. ಬರೆಯದ್ದನ್ನು ಯಾರೂ ಟೆಸ್ಟ್ ಮಾಡಲಿಲ್ಲ.

ನಮ್ಮ ಟೀಮಿನಲ್ಲಿ ರಾಕೆಟ್ ಬೀಳಲಿಲ್ಲ, ನಿಜ. ಆದರೆ "ರಾತ್ರಿ 11ಕ್ಕೆ ಆರ್ಡರ್ ಲಾಕ್ ಆಗಬೇಕು" ಎಂಬ ಸಾಲನ್ನು ಹಳೇ ಪ್ರಾಜೆಕ್ಟಿನಿಂದ ಹಾಗೇ ಎತ್ತಿಕೊಂಡಿದ್ದೆವು. ಹಳೇ ಕ್ಲೈಂಟಿನ ಗೋಡೌನ್ 11ಕ್ಕೆ ಮುಚ್ಚುತ್ತಿತ್ತು. ಹೊಸಬರದ್ದು ರಾತ್ರಿಯಿಡೀ ತೆರೆದಿರುತ್ತಿತ್ತು. ಶನಿವಾರ ರಾತ್ರಿಯ ಆರ್ಡರುಗಳೆಲ್ಲ ಸಿಕ್ಕಿಹಾಕಿಕೊಂಡವು. ಆ ಸಾಲು ಯಾಕಿತ್ತು ಅಂತ ಕೇಳೋಣವೆಂದರೆ, ಬರೆದವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಕಾಪಿ ಮಾಡಿದವನು ನಾನೇ.

ಅಂದಿನಿಂದ ನಮ್ಮ ಶೀಟಿನಲ್ಲಿ ಎರಡು ಕಾಲಮ್ ಜಾಸ್ತಿ: ಇದು ಯಾಕೆ ಬೇಕು, ಯಾವಾಗ ಬೇಡ. ಅವು ಖಾಲಿ ಇದ್ದರೆ ಆ ಸಾಲು ಹೊಸ ಪ್ರಾಜೆಕ್ಟಿಗೆ ಬರುವುದಿಲ್ಲ. ತುಂಬಿಸಲು ಬೇಜಾರೇ. ಆದರೆ ಕ್ಲಸ್ಟರ್ ವಿಜ್ಞಾನಿಗಳು ಮತ್ತೆ ಉಪಗ್ರಹ ಕಟ್ಟಿ ಹಾರಿಸಲು 2000ದವರೆಗೆ ಕಾಯಬೇಕಾಯಿತು. ಅದರ ಮುಂದೆ ಈ ಅರ್ಧ ಗಂಟೆ ಯಾವ ಲೆಕ್ಕ?

ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು "ಸರ್, ಇದು ಚೆನ್ನಾಗಿ ಓಡ್ತಾ ಇತ್ತಲ್ಲ" ಅಂದಳು. ನಾನು ಕೇಳಿದ್ದು ಒಂದೇ: "ಎಲ್ಲಿ ಓಡ್ತಾ ಇತ್ತಮ್ಮ?"