ಕಪಾಟಿನಲ್ಲೊಂದು ನಕಲು ಪ್ರತಿ

ಮೂವತ್ತು ವರ್ಷಗಳ ಹಿಂದೆ ನಮ್ಮ ಕಡಿಯಾಳಿಯಲ್ಲಿ ಯಾರ ಮನೆಗೆ ಹೋದರೂ ಗಲ್ಫಿನದೊಂದು ವಸ್ತು ಕಣ್ಣಿಗೆ ಬೀಳುತ್ತಿತ್ತು. ಒಂದು ಮನೆಯಲ್ಲಿ ಟೇಪ್ ರೆಕಾರ್ಡರ್, ಇನ್ನೊಂದರಲ್ಲಿ ಹುಲಿಯ ಚಿತ್ರದ ಕಂಬಳಿ, ಮತ್ತೊಂದರಲ್ಲಿ ಹಾಲಿನ ಪುಡಿಯ ಖಾಲಿ ಡಬ್ಬಿ, ಅದರೊಳಗೆ ಮೆಂತೆ. ನಮ್ಮ ಪಕ್ಕದ ಮನೆಯಲ್ಲಿ ಮಾತ್ರ ಅಂಥದ್ದೇನೂ ಇರಲಿಲ್ಲ. ಅಲ್ಲಿಂದ ಗಲ್ಫಿಗೆ ಹೋದವಳು ಹೆಂಗಸು.

ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದವಳು ಆಕೆ. 1994ರಲ್ಲಿ ಬೊಂಬಾಯಿಯ ಏಜೆಂಟನೊಬ್ಬನ ಮಾತು ನಂಬಿ ಮನೆಗೆಲಸಕ್ಕೆಂದು ಹೊರಟಳು. "ಟೀಚರ್ರೇ, ಅಮ್ಮನಿಗೆ ಓದು ಬರುವುದಿಲ್ಲ. ಕಾಗದ ಬಂದರೆ ನೀವೇ ಓದಿ ಹೇಳಿ ಆಯ್ತಾ" ಎಂದಿದ್ದಳು.

ಆರು ತಿಂಗಳು ಹಣ ಬಂತು, ಆಮೇಲೆ ನಿಂತಿತು. ಕೊನೆಗೊಂದು ಕಾಗದ ಬಂತು. ಪಾಸ್‌ಪೋರ್ಟ್ ಧಣಿಯ ಕೈಯಲ್ಲಿದೆಯಂತೆ. ಅವನು ಒಪ್ಪದೆ ಆ ದೇಶ ಬಿಡುವಂತಿಲ್ಲವಂತೆ. ಮನೆ ಬಿಟ್ಟು ಹೊರಬಿದ್ದರೆ 'ಓಡಿಹೋದವಳು' ಎಂದು ಪೊಲೀಸರೇ ಹಿಡಿಯುತ್ತಾರಂತೆ. ಓದುತ್ತಾ ಓದುತ್ತಾ ನಾನು ಎರಡು ಸಾಲು ಬಿಟ್ಟುಬಿಟ್ಟೆ. ಎದುರಿಗೆ ಕೂತ ಮುದುಕಿಗೆ ಅದು ತಿಳಿಯಿತೋ ಏನೋ, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದುಹೋದಳು.

ಸರ್ಕಾರಕ್ಕೆ ಅರ್ಜಿ ಬರೆಯಲು ಕೂತೆ. ಪಾಸ್‌ಪೋರ್ಟ್ ನಂಬರು? ಯಾರಿಗೂ ಗೊತ್ತಿಲ್ಲ. ಧಣಿಯ ಹೆಸರು? ಏನೋ ಒಂದು ಶೇಖ್. ಏಜೆಂಟನ ವಿಳಾಸ? ಹರಿದ ಚೀಟಿಯಲ್ಲಿ ಅರ್ಧ. ನನ್ನ ಅರ್ಜಿಯಲ್ಲಿ ದುಃಖ ಬೇಕಾದಷ್ಟಿತ್ತು, ವಿವರ ಒಂದೂ ಇರಲಿಲ್ಲ. 'ಪೂರ್ಣ ಮಾಹಿತಿಯೊಂದಿಗೆ ಸಲ್ಲಿಸುವುದು' ಎಂಬ ಷರಾ ಹೊತ್ತು ಅದು ಹಿಂದೆ ಬಂತು. ತಾಯಿ ತೀರಿಕೊಂಡಾಗ ಮಗಳಿಗೆ ಬರಲಾಗಲಿಲ್ಲ. ನಾಲ್ಕು ವರ್ಷದ ಮೇಲೆ ಧಣಿಗೇ ಬೇಡವಾದಾಗ ಬಂದಳು.

ಈ ಕಟ್ಟಿಗೆ ಅರಬ್ ದೇಶಗಳಲ್ಲಿ 'ಕಫಾಲ' ಎನ್ನುತ್ತಾರೆ. ವಲಸೆ ಬಂದವರ ಇರುವಿಕೆ, ಹೋಗುವಿಕೆ ಎರಡನ್ನೂ ಕೆಲಸ ಕೊಟ್ಟವನ ಮುಷ್ಟಿಯಲ್ಲಿಡುವ ಪದ್ಧತಿ ಅದು. ನಮ್ಮಲ್ಲೇನು ಕಾನೂನು ಇರಲಿಲ್ಲವೆ? ಇತ್ತು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸೊತ್ತು, ಯಾವ ಧಣಿಯದೂ ಅಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಆಳು ಕಳುಹಿಸುವ ಏಜೆಂಟ್ ನೋಂದಣಿ ಮಾಡಿಸಿರಲೇಬೇಕು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನಗೇ ಇವೆರಡೂ ಗೊತ್ತಿರಲಿಲ್ಲ. ಬೀಡಿ ಕಟ್ಟುವವಳಿಗೆ ಯಾರು ಹೇಳುತ್ತಾರೆ?

2016ರಲ್ಲಿ ನಮ್ಮ ಜಿಲ್ಲೆಯದೇ ಒಬ್ಬ ವಿಧವೆಗೆ ಹೀಗೇ ಆಯಿತು. ಕತಾರಿನಲ್ಲಿ ಕೆಲಸ ಎಂದು ಹೇಳಿ ಸೌದಿ ಅರೇಬಿಯಾದ ಯಾನ್ಬುವಿಗೆ ಕಳುಹಿಸಿಬಿಟ್ಟಿದ್ದರು. ಪೇಪರಿನಲ್ಲಿ ಓದುವಾಗ ನನ್ನ ಕೈ ನಡುಗಿತು. ಆದರೆ ಈ ಸಲ ಊರು ಬೇರೆಯಾಗಿತ್ತು. ಮೊದಲು ಬಳಕೆದಾರರ ವೇದಿಕೆ ಕಟ್ಟಿದ್ದ ಡಾ. ರವೀಂದ್ರನಾಥ ಶಾನುಭಾಗರ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನ ಉಡುಪಿಯಲ್ಲಿತ್ತು. ಬೇಳೆಯ ತೂಕ, ಬಸ್ಸಿನ ಟಿಕೆಟ್ ಎಂದು ರಸೀದಿ ಹಿಡಿದು ಹೋರಾಡಲು ಕಲಿತ ಊರಿಗೆ ಇದೂ ಅದೇ ಬಗೆಯ ಕೆಲಸ. ರಾಯಭಾರ ಕಚೇರಿಗೆ, ದೆಹಲಿಯ ವಿದೇಶಾಂಗ ಸಚಿವಾಲಯಕ್ಕೆ ಪತ್ರ ಹೋದವು. ಏಜೆಂಟರ ಮೇಲೆ ದೂರು ಹೋಯಿತು. ಪತ್ರಿಕೆಯವರಿಗೆ ವಿಷಯ ತಿಳಿಸಿದರು. ಅಲ್ಲಿಯ ಧಣಿ, ತಾನು ಕೊಟ್ಟ ಹಣ ಹಿಂದೆ ಬಾರದೆ ಬಿಡುವುದಿಲ್ಲವೆಂದು ಕೂತಿದ್ದ. ಇಲ್ಲಿಯವರೂ ಬಿಡಲಿಲ್ಲ. 2017ರಲ್ಲಿ, 14 ತಿಂಗಳ ಮೇಲೆ, ಆಕೆ ಮಕ್ಕಳ ಬಳಿಗೆ ಬಂದಳು.

ಇನ್ನೊಂದು ಪ್ರಕರಣ ಕುಂದಾಪುರದ ಕಡೆಯದು. 2019ರ ಡಿಸೆಂಬರಿನಲ್ಲಿ, ಅಲ್ಲಿಯ ಯುವರಾಜನನ್ನು ನಿಂದಿಸಿದನೆಂದು ಸೌದಿಯಲ್ಲಿ ದುಡಿಯುತ್ತಿದ್ದವನನ್ನು ಜೈಲಿಗೆ ಹಾಕಿದರು. ಬರೆದವನು ಅವನಲ್ಲ, ಯಾರೋ ಅವನ ಹೆಸರಿನಲ್ಲಿ ಫೇಸ್‌ಬುಕ್ ಖಾತೆ ತೆರೆದಿದ್ದರು. ಹೆಂಡತಿ ಅಳುತ್ತ ಕೂರಲಿಲ್ಲ, ಉಡುಪಿಯಲ್ಲಿ ಪೊಲೀಸರಿಗೆ ದೂರು ಕೊಟ್ಟಳು. ತನಿಖೆಯಲ್ಲಿ ಮೂಡುಬಿದಿರೆ ಕಡೆಯ ಇಬ್ಬರು ಅಣ್ಣತಮ್ಮಂದಿರು ಸಿಕ್ಕಿಬಿದ್ದರು. 2021ರ ಆಗಸ್ಟಿನಲ್ಲಿ ಗಂಡ ಊರಿಗೆ ಬಂದ. ಇಲ್ಲಿ ಕೊಟ್ಟ ಒಂದು ದೂರು ಕಡಲಾಚೆಯ ಜೈಲಿನವರೆಗೂ ಮುಟ್ಟಿತ್ತು.

ಹೆಂಗಸರಿಗೆ ಇದು ಹೊಸದೂ ಅಲ್ಲ. 1913ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗಂಡನ ಬಳಿಗೆ ಹೊರಟ ಒಬ್ಬ ಭಾರತೀಯ ಹೆಂಗಸನ್ನು ದೇಶದೊಳಗೆ ಬಿಡಲಿಲ್ಲ. ಅವಳ ಮದುವೆ ಅಲ್ಲಿಯ ಕಾನೂನಿಗೆ ಮದುವೆಯೇ ಅಲ್ಲವೆಂದು ನ್ಯಾಯಾಧೀಶ ಸರ್ಲ್ ತೀರ್ಪು ಕೊಟ್ಟ. ಮನವಿಗಳು ಹೋದವು, ಫಲ ಕಾಣಲಿಲ್ಲ. ಆಗ ಕಸ್ತೂರಬಾ ಮೊದಲಾದವರು ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಿ ಜೈಲಿಗೆ ಹೋದರು. 1914ರ ಕಾಯ್ದೆ ಆ ಮದುವೆಗಳನ್ನು ಒಪ್ಪಿತು. ಕಾನೂನು ಮುರಿದು ಶಿಕ್ಷೆ ಹೊತ್ತ ದಾರಿ ಅದು, ಮತದಾನವೂ ಇಲ್ಲದವರ ದಾರಿ. ನಮಗೆ ಓಟಿದೆ, ಠಾಣೆಯಿದೆ, ನ್ಯಾಯಾಲಯವಿದೆ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತ ವಕೀಲರ ನೆರವಿದೆ. ಇವನ್ನೆಲ್ಲ ಕಪಾಟಿನಲ್ಲಿಟ್ಟ ಪಟ್ಟೆಸೀರೆಯ ಹಾಗೆ ಮಡಿಸಿಟ್ಟರೆ ಏನು ಬಂತು?

ಈಗಲೂ ಎಲ್ಲವೂ ನೆಟ್ಟಗಾಗಿಲ್ಲ. ಕತಾರ್ 2020ರಲ್ಲಿ ಮನೆಗೆಲಸದವರಿಗೂ ಧಣಿಯ ಒಪ್ಪಿಗೆಯಿಲ್ಲದೆ ದೇಶ ಬಿಡುವ ಹಕ್ಕು ಕೊಟ್ಟಿತು. 2021ರಲ್ಲಿ ಸೌದಿ ತಂದ ಸುಧಾರಣೆ ಮಾತ್ರ ಮನೆಗೆಲಸದವರನ್ನು ಹೊರಗೇ ಇಟ್ಟಿತು.

ನಮ್ಮ ಮಹಿಳಾ ಮಂಡಲದಲ್ಲಿ ಈಗೊಂದು ಪುಸ್ತಕವಿದೆ. ಓಣಿಯಿಂದ ಹೊರದೇಶಕ್ಕೆ ಹೋಗುವವರ ಪಾಸ್‌ಪೋರ್ಟಿನ, ವೀಸಾದ, ಕರಾರಿನ ಒಂದೊಂದು ನಕಲು ಪ್ರತಿ ಮನೆಯ ಕಪಾಟಿನಲ್ಲಿದೆಯೇ ಎಂದು ಕೇಳಿ ಬರೆದಿಡುತ್ತೇವೆ. ಏಜೆಂಟನ ನೋಂದಣಿ ನಂಬರು, ಹೊರಟ ದಿನ, ಫೋನು ಮಾಡಬೇಕಾದ ವಾರ, ಎಲ್ಲಕ್ಕೂ ಗೆರೆ ಎಳೆದಿದೆ. ಎರಡು ವಾರ ಫೋನು ಬಾರದಿದ್ದರೆ ಒಬ್ಬಳೇ ಅಲ್ಲ, ಐದಾರು ಜನ ಕೂಡಿ ಹೋಗಿ ಅರ್ಜಿ ಕೊಟ್ಟು ಸ್ವೀಕೃತಿ ತರುವುದೆಂದು ಮಾತಾಗಿದೆ.

ಪುಸ್ತಕ ಇಟ್ಟುಕೊಂಡಿರುವವಳು ಪಕ್ಕದ ಮನೆಯ ಅದೇ ಹೆಂಗಸು. ಮೊನ್ನೆ ಎದುರುಮನೆಯ ಹುಡುಗಿ ನರ್ಸ್ ಕೆಲಸಕ್ಕೆ ಹೊರಟಾಗ ಆಶೀರ್ವಾದ ಮಾಡುವ ಮೊದಲು ಕೇಳಿದಳು: "ಜೆರಾಕ್ಸ್ ಕೊಟ್ಟಿಯಾ ಮಗಾ?"