ಹಿತ್ತಲ ಮಣ್ಣಲ್ಲೇ ಇದೆ ಎಣ್ಣೆ ತಿನ್ನುವ ಜೀವ

ನಮ್ಮ ತಲಕಾಡು ಕಡೆ ಡೀಸೆಲ್ ಪಂಪು, ಟ್ರ್ಯಾಕ್ಟರು ನಿಲ್ಲುವ ಜಾಗ ನೋಡಿ. ನೆಲ ಕಪ್ಪು, ಹುಲ್ಲೂ ಹುಟ್ಟಲ್ಲ. ಮಣ್ಣು ಸತ್ತೇಹೋಯಿತು ಅಂದುಕೊಳ್ಳುತ್ತೇವೆ. ಆದರೆ ಆ ಜಿಡ್ಡನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿರುತ್ತವೆ. ಅವುಗಳ ಬೆಲೆ ಜಗತ್ತಿಗೆ ಗೊತ್ತಾಗಿದ್ದು ಸುತ್ತು ದಾರಿಯಲ್ಲಿ.

ಬಂಗಾಳದಲ್ಲಿ 1938ರಲ್ಲಿ ಹುಟ್ಟಿದ ಆನಂದ ಮೋಹನ್ ಚಕ್ರವರ್ತಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಿಜ್ಞಾನಿಯಾಗಿದ್ದರು. ಕಚ್ಚಾ ಎಣ್ಣೆಯಲ್ಲಿ ನೂರಾರು ರಾಸಾಯನಿಕಗಳಿವೆ. ಎಲ್ಲವನ್ನೂ ತಿನ್ನಲು ಒಂದೇ ಬ್ಯಾಕ್ಟೀರಿಯಾಕ್ಕೆ ಆಗದು. ಅವರು ನಾಲ್ಕು ಬಗೆಯವುಗಳ ಶಕ್ತಿಯನ್ನು ಒಂದೇ ಸ್ಯೂಡೋಮೊನಾಸ್‌ನಲ್ಲಿ ಕೂಡಿಸಿ, 1972ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಗೊಬ್ಬರದಂಗಡಿಯಲ್ಲಿ ಬೆಳೆರೋಗಕ್ಕೆಂದು ಸಿಗುವ ಸ್ಯೂಡೋಮೊನಾಸ್ ಪುಡಿ ಇದೇ ಕುಲದ್ದು, ಆದರೆ ಅದರ ಕೆಲಸ ಬೇರೆ.

ಜೀವಿಗೆ ಪೇಟೆಂಟ್ ಕೊಡಬಹುದೇ? ಕೊಡಬಹುದು ಎಂದು 1980ರ ಜೂನ್ 16ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಹೇಳಿತು. ಮುಂದೆ ಕಂಪನಿಗಳು ಬೀಜಗಳ ಮೇಲೂ ಪೇಟೆಂಟ್ ಪಡೆಯಲು ಈ ತೀರ್ಪು ದಾರಿಯಾಯಿತು. ಗೆದ್ದ ಬ್ಯಾಕ್ಟೀರಿಯಾ ಮಾತ್ರ ಎಣ್ಣೆ ಚೆಲ್ಲಿದ ಜಾಗಕ್ಕೆ ಇಳಿಯಲೇ ಇಲ್ಲ.

1989ರ ಮಾರ್ಚ್ 24ರಂದು ಅಲಾಸ್ಕಾ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಸೋರಿತು. ದಡ ತೊಳೆದಿದ್ದರ ಜೊತೆಗೆ ಅಲ್ಲಿ ಮಾಡಿದ್ದು ರೈತರ ಕೆಲಸವನ್ನೇ: ಸಾರಜನಕ, ರಂಜಕದ ಗೊಬ್ಬರ ಹಾಕಿದರು. ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ, ಇವೆರಡು ಸಾಲದು. ಗೊಬ್ಬರ ಸಿಕ್ಕಿದ್ದೇ ತಡ, ದಡದಲ್ಲೇ ಇದ್ದ ಹೆಸರಿಲ್ಲದ ಬ್ಯಾಕ್ಟೀರಿಯಾಗಳು ಚುರುಕಾದವು.

ನಮ್ಮ ದೇಶದಲ್ಲಿ ಟೆರಿ ಸಂಸ್ಥೆ ಇಂಥ ಬ್ಯಾಕ್ಟೀರಿಯಾಗಳನ್ನು ಮುಸುಕಿನ ಜೋಳದ ದಿಂಡಿನ ಪುಡಿಯಲ್ಲಿ ಬೆರೆಸಿ 'ಆಯಿಲ್‌ಜ್ಯಾಪರ್' ರೂಪಿಸಿತು. ತೈಲ ಕಂಪನಿಗಳ ಜಾಗಗಳಲ್ಲಿ ಎಣ್ಣೆ ಮೆತ್ತಿದ ಮಣ್ಣಿಗೆ ಅದನ್ನು ಬಳಸಿದ್ದಾರೆ.

ಹಾಗಂತ ಹಳೇ ಆಯಿಲನ್ನು ಬದುವಿಗೆ ಸುರಿದು, ಮಣ್ಣೇ ನೋಡಿಕೊಳ್ಳುತ್ತದೆ ಅನ್ನುವಂತಿಲ್ಲ. ಈ ಕೆಲಸಕ್ಕೆ ಗಾಳಿ, ತೇವ, ತಿಂಗಳುಗಟ್ಟಲೆ ಸಮಯ ಬೇಕು. ಗಾಳಿಯಾಡದ ಕಡೆ ಅಲಾಸ್ಕಾದ ಎಣ್ಣೆ ದಶಕಗಳ ನಂತರವೂ ಕಲ್ಲುಮಣ್ಣಿನಡಿ ಉಳಿದಿತ್ತು. ಎಂಜಿನ್ ಆಯಿಲಿನಲ್ಲಿ ಸೇರಿರುವ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ಕರಗಿಸಿ ಇಲ್ಲವಾಗಿಸದು. ತಲಕಾಡಿನ ಮರಳಿನಲ್ಲಂತೂ ಸುರಿದದ್ದು ಬೇಗ ಕೆಳಗಿಳಿಯುತ್ತದೆ. ಕೆಳಗಿರುವುದು ನಾವು ಕುಡಿಯುವ ನೀರು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಹಿತ್ತಲ ಮಣ್ಣೇ ಮದ್ದು. ಹಳೇ ಆಯಿಲನ್ನು ಡಬ್ಬಿಯಲ್ಲಿ ಹಿಡಿದಿಟ್ಟು, ಅದನ್ನು ಕೊಳ್ಳುವವರಿಗೆ ಕೊಡೋಣ. ಅಪ್ಪಿತಪ್ಪಿ ಚೆಲ್ಲಿದ್ದನ್ನು ಮಾತ್ರ ಮಣ್ಣಿಗೆ ಬಿಡೋಣ.