ಬಸುರಿಯ ನಡುದಿಂಗಳುಗಳು

ಓಕರಿಕೆಯ ಮೊದಲ ಮೂರು ತಿಂಗಳು ಕಳೆದು, ಹೆರಿಗೆಯ ಭಯವಿನ್ನೂ ಸಮೀಪಿಸದಿರುವ ಗರ್ಭದ ನಡುದಿಂಗಳುಗಳನ್ನು ನಮ್ಮ ಪೂರ್ವಿಕರು ವಿಶೇಷವಾದ ಗಮನದಿಂದ ಕಂಡರು. ವೈದ್ಯರು ಆ ಕಾಲಕ್ಕೆ ಆಹಾರಕ್ರಮವನ್ನು ವಿಧಿಸಿದರು, ಗೃಹ್ಯಸೂತ್ರಕಾರರು ಸಂಸ್ಕಾರವನ್ನು ಗೊತ್ತುಮಾಡಿದರು, ಮನೆಯ ಹಿರಿಯ ಹೆಂಗಸರು ಬಯಕೆಯ ಊಟವನ್ನು ಬಡಿಸಿದರು. ಈ ಮೂವರ ದಾರಿಗಳು ಬೇರೆಯಾದರೂ ಅಭಿಪ್ರಾಯ ಒಂದೇ: ಬಸುರಿಯ ಇಚ್ಛೆಯನ್ನು ಕೇಳಬೇಕು, ಆಕೆಯ ಒಡಲನ್ನು ಪೋಷಿಸಬೇಕು.

ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಅಂಗಗಳು ಸ್ಫುಟವಾಗಿ ಹೃದಯವು ವ್ಯಕ್ತವಾಗುವುದೆಂದೂ, ಆಗ ಎರಡು ಹೃದಯಗಳನ್ನು ಹೊತ್ತವಳ ಬಯಕೆಯನ್ನು ಸಲ್ಲಿಸದಿದ್ದರೆ ಮಗು ಅಂಗವಿಕಲವಾಗಿ ಹುಟ್ಟೀತೆಂದೂ ಸುಶ್ರುತಸಂಹಿತೆ ಹೇಳುತ್ತದೆ. ಈ ಕಾರ್ಯಕಾರಣವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆಯನ್ನು, ನಿನಗೇನು ಬೇಕೆಂದು ಮನೆಯವರೆಲ್ಲ ಕೇಳುವಂತೆ ಮಾಡಿದ ಬಲ ಆ ನಂಬಿಕೆಗಿತ್ತು. ಚರಕಸಂಹಿತೆಯ ದೃಷ್ಟಿ ಇನ್ನೂ ಸೂಕ್ಷ್ಮವಾದುದು. ಐದನೆಯ ತಿಂಗಳಲ್ಲಿ ಮಾಂಸರಕ್ತಗಳು ಶಿಶುವಿನಲ್ಲಿ ಹೆಚ್ಚಿ ತಾಯಿ ಕೃಶಳಾಗುವಳು, ಆರನೆಯದರಲ್ಲಿ ಆಕೆಯ ಬಲವೂ ಮೈಬಣ್ಣವೂ ಕುಂದುವುವು ಎಂದು ಗುರುತಿಸುವ ಆ ಗ್ರಂಥವು ನಾಲ್ಕನೆಯ ತಿಂಗಳಿಗೆ ಹಾಲುಬೆಣ್ಣೆಯನ್ನು, ಐದನೆಯದಕ್ಕೆ ಹಾಲಿನಿಂದ ತೆಗೆದ ತುಪ್ಪವನ್ನು, ಆರನೆಯದಕ್ಕೆ ಮಧುರೌಷಧಗಳಿಂದ ಸಿದ್ಧಮಾಡಿದ ತುಪ್ಪವನ್ನು ವಿಧಿಸುತ್ತದೆ. ಏಳನೆಯ ತಿಂಗಳ ಉರಿ ಮಗುವಿನ ಕೂದಲು ಬೆಳೆಯುವುದರಿಂದ ಬರುವುದೆಂದು ಹೆಂಗಸರು ಹೇಳುವರು, ಆದರೆ ಅದು ಹಾಗಲ್ಲ, ಗರ್ಭದ ಒತ್ತಡದಿಂದ ದೋಷಗಳು ಮೇಲೇರಿ ಉರಿಯನ್ನೂ ತುರಿಕೆಯನ್ನೂ ಉಂಟುಮಾಡುವುವು ಎಂದು ಆ ಗ್ರಂಥದ ಉಪದೇಶಕನಾದ ಆತ್ರೇಯನು ಅಲ್ಲಿ ವಾದಿಸುತ್ತಾನೆ; ಹೊಟ್ಟೆಗೆ ಗಂಧವನ್ನೂ ತಾವರೆದಂಟನ್ನೂ ಅರೆದು ಲೇಪಿಸಬೇಕು, ಚರ್ಮ ಬಿರಿದು ವಿರೂಪವಾಗುವುದರಿಂದ ತುರಿಸಿಕೊಳ್ಳಬಾರದು ಎಂದೂ ಹೇಳುತ್ತಾನೆ. ಅಂತಃಪುರದ ಮಾತನ್ನು ಕಿವಿಗೊಟ್ಟು ಕೇಳಿದವನಲ್ಲದೆ ಬೇರೊಬ್ಬನು ಹೀಗೆ ಬರೆಯಲಾರನು.

ಆಶ್ವಲಾಯನ ಗೃಹ್ಯಸೂತ್ರವು ನಾಲ್ಕನೆಯ ತಿಂಗಳಿಗೆ ಸೀಮಂತೋನ್ನಯನವನ್ನು ವಿಧಿಸುತ್ತದೆ. ಗಂಡನು ಎಳೆಗಾಯಿಗಳ ಗೊಂಚಲು, ಮೂರು ಬಿಳಿಯ ಪಟ್ಟೆಗಳುಳ್ಳ ಮುಳ್ಳುಹಂದಿಯ ಮುಳ್ಳು, ದರ್ಭೆಯ ಕಟ್ಟುಗಳು ಇವುಗಳಿಂದ ಹೆಂಡತಿಯ ಬೈತಲೆಯನ್ನು ಮೇಲ್ಮುಖವಾಗಿ ಬಿಡಿಸುತ್ತಾನೆ. ವೀಣೆಯವರು ಸೋಮರಾಜನನ್ನು ಹಾಡುತ್ತಾರೆ. ಇಷ್ಟೆಲ್ಲವನ್ನೂ ಹೇಳಿದ ಮೇಲೆ ಸೂತ್ರಕಾರನು, ಗಂಡನೂ ಮಕ್ಕಳೂ ಬದುಕಿರುವ ವೃದ್ಧಸ್ತ್ರೀಯರು ಏನೇನು ಹೇಳುವರೋ ಅದನ್ನೆಲ್ಲ ಮಾಡಬೇಕೆನ್ನುತ್ತಾನೆ. ಶಾಸ್ತ್ರವೇ ಅಧಿಕಾರವನ್ನು ಅಜ್ಜಿಯರ ಕೈಗೆ ಒಪ್ಪಿಸಿದ ಗಳಿಗೆಯದು.

ಆ ಅಜ್ಜಿಯರ ಶಾಸ್ತ್ರವೇ ಕನ್ನಡ ನಾಡಿನಲ್ಲಿ ಹಲವು ರೂಪಗಳಲ್ಲಿ ಬೆಳೆಯಿತು. ಉತ್ತರ ಕರ್ನಾಟಕದಲ್ಲಿ ಅದು ಕುಬುಸ: ಐದು ಅಥವಾ ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಖಣ, ಹಸಿರು ಬಳೆಗಳನ್ನು ತಂದು, ಮಗಳನ್ನು ಕುಳ್ಳಿರಿಸಿ ಉಡಿ ತುಂಬಿ, ಹೋಳಿಗೆ, ಕಡಬು, ರೊಟ್ಟಿ, ಬಗೆಬಗೆಯ ಪಲ್ಯಗಳನ್ನು ಮುಂದಿಟ್ಟು ಉಣ್ಣಿಸುತ್ತಾರೆ. ಕರಾವಳಿಯಲ್ಲಿ ಅದು ಬಯಕೆಯ ಊಟ. ಹಳೆಯ ಮೈಸೂರಿನ ಸೀಮೆಯಲ್ಲಿ ಹೂ ಮುಡಿಸುವ ಶಾಸ್ತ್ರ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಹೆಣ್ಣುಮಕ್ಕಳು ತವರನ್ನೂ ತಾಯ್ತನವನ್ನೂ ಹಾಡಿಕೊಂಡ ತ್ರಿಪದಿಗಳನ್ನು ನಮಗೆ ಉಳಿಸಿಕೊಟ್ಟಿದೆ.

ಅದೇ 1931ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಮುಂಬಯಿಯಲ್ಲಿ ರಕ್ತಹೀನತೆಯಿಂದ ನರಳುತ್ತಿದ್ದ ಬಡ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಆಹಾರದ ಕೊರತೆಯೇ ಆ ವ್ಯಾಧಿಗೆ ಮೂಲವೆಂದೂ ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದೂ ಪ್ರಕಟಿಸಿದಳು. ಮುಂದೆ ಫೋಲಿಕ್ ಆಮ್ಲದ ಶೋಧಕ್ಕೆ ದಾರಿ ತೆರೆದದ್ದು ಆ ಕೆಲಸವೇ. ಚರಕನು ಕಂಡ, ಬಲವೂ ಬಣ್ಣವೂ ಕುಂದಿದ ತಾಯಿಯ ಸಂಕಟಕ್ಕೆ ಹೊಸ ಕಾಲದ ಪ್ರಯೋಗಶಾಲೆಯೂ ಅನ್ನದಲ್ಲಿಯೇ ಉತ್ತರವನ್ನು ಹುಡುಕಿತು.

ಈ ಪರಂಪರೆಯಲ್ಲಿ ಬಿಡತಕ್ಕದ್ದೂ ಉಂಟು. ಗಂಡನನ್ನು ಕಳೆದುಕೊಂಡವಳನ್ನು, ಮಕ್ಕಳಿಲ್ಲದವಳನ್ನು ಹಸೆಯಿಂದ ದೂರವಿರಿಸಿದ ಕ್ರೌರ್ಯವು ಯಾವ ಶುಭಕ್ಕೂ ಸಾಧನವಾಗಲಾರದು. ಹಾಗೆಯೇ ಒಂದು ದಿನದ ಹೋಳಿಗೆ ಒಂಬತ್ತು ತಿಂಗಳ ಹಸಿವನ್ನು ತುಂಬಲಾರದು. ಸೀಮಂತದ ಮಣೆಯ ಮೇಲೆ ಆಕೆಗೆ ಸಂದ ಮರ್ಯಾದೆ ಮರುದಿನದ ಪಂಕ್ತಿಯಲ್ಲಿಯೂ ಮೊದಲ ತುತ್ತಾಗಿ ಸಲ್ಲುವುದಾದರೆ ಮಾತ್ರ ಅಜ್ಜಿಯರ ಆ ಶಾಸ್ತ್ರವನ್ನು ನಾವು ನಿಜವಾಗಿ ಪಾಲಿಸಿದಂತೆ.